ಏಳರವರೆಗಿನ ಮೌನ

ಪೇಚೆಟ್ಟಿ ಮಂಗತಾಯಾರು ರೇವುಪೇಟೆಯ ಬಸ್ ನಿಲ್ದಾಣದ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತಾರೆ ಎಂದುಕೊಂಡವರ ಪಂಪುಗಳಿಗೇ ಇಪ್ಪತ್ತು ವರ್ಷಗಳಿಂದ ತಂತಿ ಸುತ್ತುತ್ತಿದ್ದಾರೆ. ಹ್ಯಾಮ್ ರೇಡಿಯೋ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಲೈಸೆನ್ಸ್ ಪಡೆದರು. ನಮ್ಮ ಕ್ಲಬ್ಬಿನಲ್ಲಿ ಇಪ್ಪತ್ತಾರು ಜನ ಇದ್ದೇವೆ. ಗೋದಾವರಿ ಏರಿದಾಗ ಎಲ್ಲರ ಮಾತಿಗೂ ಸರದಿ ಕೊಡುವ ಕುರ್ಚಿ ಮಾತ್ರ ಅವರದೇ. ಅಲ್ಲಿ ಕೂರಲು ವಿದ್ಯೆಗಿಂತ ಹೆಚ್ಚಾಗಿ ಗದರುವ ಧೈರ್ಯ ಬೇಕು.

ಎರಡು ವರ್ಷದ ಹಿಂದಿನ ಆಗಸ್ಟ್, ಪ್ರವಾಹದ ಮೂರನೆಯ ದಿನ, ಮಧ್ಯಾಹ್ನ ಮೂರೂವರೆ. ಕರೆಂಟ್ ಇರಲಿಲ್ಲ, ಮೊಬೈಲ್ ಟವರುಗಳು ಸತ್ತಿದ್ದವು. ರೇವಿನ ಪಕ್ಕದ ಗೋದಾಮಿನಲ್ಲಿ ಲಾರಿ ಬ್ಯಾಟರಿಗೆ ರೇಡಿಯೋ ಸೆಟ್ಟು ಜೋಡಿಸಿಕೊಂಡು ಮಂಗತಾಯಾರು ಕೂತಿದ್ದರು. ಬಂದ ಮಾತನ್ನೆಲ್ಲ ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ.

ಶಾಲೆಯಲ್ಲಿ ಮೇಷ್ಟ್ರಾಗಿರುವ ನಮ್ಮ ಸದಸ್ಯ ಯೇಸೋಬು ಬೆಳಿಗ್ಗೆಯೇ ಕೈಸೆಟ್ಟು ಹಿಡಿದು ಕೊಡವಲಂಕಕ್ಕೆ ಹೋಗಿದ್ದ; ಲಂಕ ಎಂದರೆ ನದಿಯ ನಡುವಿನ ನಡುಗಡ್ಡೆ. ಹತ್ತು ಗಂಟೆಗೆ ಅವನ ಕೊನೆಯ ಮಾತು ಬಂದಿತ್ತು: "ಅಕ್ಕಾ, ಶಾಲೆ ಗೋಡೆ ಬಿರುಕು ಬಿಟ್ಟಿದೆ. ಜನರನ್ನ ಕರ್ಕೊಂಡು..." ಆಮೇಲೆ ಏನೂ ಇಲ್ಲ.

ಪಕ್ಕದ ಗುಬ್ಬಲಲಂಕದಲ್ಲಿ ಒಂದು ದಿಬ್ಬವಿದೆ. ಅಂದು ಬೆಳಿಗ್ಗೆ ಸೊಂಟಮಟ್ಟದ ನೀರಿನಲ್ಲಿ ಅಲ್ಲಿಗೆ ದಾಟಬಹುದಿತ್ತು. ಯೇಸೋಬು ಜನರೊಂದಿಗೆ ದಾಟಿದ್ದನೋ ಇಲ್ಲವೋ ಗೊತ್ತಿರಲಿಲ್ಲ. ಲಂಕಗಳ ತಲೆಯ ಬಳಿ ನದಿ ಎರಡಾಗಿ ಒಡೆಯುತ್ತದೆ: ಎಡಗವಲು ಕೊಡವಲಂಕಕ್ಕೆ, ಬಲಗವಲು ಗುಬ್ಬಲಲಂಕಕ್ಕೆ. ಇದ್ದದ್ದು ಪೋಲಯ್ಯನ ಒಂದೇ ಮೋಟಾರು ದೋಣಿ. ತಪ್ಪು ಕವಲಿಗೆ ಇಳಿದರೆ ಆ ಸೆಳೆತಕ್ಕೆದುರಾಗಿ ಕತ್ತಲಾಗುವುದರೊಳಗೆ ವಾಪಸ್ಸು ಬರಲಾಗದು. ಕತ್ತಲಾಗುವಷ್ಟರಲ್ಲಿ ಎರಡೂ ಲಂಕಗಳು ಮುಳುಗುವ ಅಂದಾಜಿತ್ತು.

ಆಗ ಸೆಟ್ಟಿನ ಸುಯ್ಯೆನ್ನುವ ಸದ್ದು ಒಂದು ಕ್ಷಣ ಕಡಿದಂತಾಯಿತು. ದೂರದಲ್ಲಿ ಯಾರೋ ತಮ್ಮ ಸೆಟ್ಟಿನ ಮಾತಿನ ಗುಂಡಿ ಒತ್ತಿದ್ದರು. ಬ್ಯಾಟರಿ ಸೋತ ಸೆಟ್ಟಿನಿಂದ ದನಿ ಬರುವುದಿಲ್ಲ, ಸದ್ದನ್ನು ತಡೆಯುವಷ್ಟು ಶಕ್ತಿ ಮಾತ್ರ ಉಳಿದಿರುತ್ತದೆ.

ಮಂಗತಾಯಾರು ಮೈಕು ಎತ್ತಿದರು. "ಎಲ್ರೂ ಬಾಯಿ ಮುಚ್ಚಿ. ಯೇಸೋಬೂ, ನೀನೇನಾ? ಹೌದಾದ್ರೆ ಒಂದ್ಸಲ ಒತ್ತು, ಅಲ್ಲ ಅಂದ್ರೆ ಎರಡ್ಸಲ."

ಒಂದು.

"ಬದುಕಿದಾನೆ ಪುಣ್ಯಾತ್ಮ. ಜನ ಜೊತೆಗಿದಾರಾ?"

ಒಂದು.

"ಕೊಡವಲಂಕದಲ್ಲೇ ಇದೀಯಾ?"

ಒಂದು. ಅಷ್ಟರಲ್ಲಿ ಗೋದಾಮು ಅದುರುವಂಥ ದನಿ ನುಗ್ಗಿತು: "ಶಾಭಾಷ್! ಸಿಕ್ಕಿದನಲ್ಲ ಹುಡುಗ! ನಾನು ರಾಜಮಂಡ್ರಿಯಿಂದ ತಿರುಪತಿರಾಜು, ಮೇಲಿನವರಿಗೆ ತಿಳಿಸ್ತೀನಿ!" ಅವರು ನಮ್ಮ ಕ್ಲಬ್ಬಿನ ಅಧ್ಯಕ್ಷರು. ಅವರು ಮುಗಿಸುವಷ್ಟರಲ್ಲಿ ಬರಿಯ ಸುಯ್ಯೆನ್ನುವ ಸದ್ದು ಉಳಿದಿತ್ತು.

ಬಾಗಿಲಲ್ಲಿ ನಿಂತಿದ್ದ ತಹಶೀಲ್ದಾರರು ತಿರುಗಿದರು. "ಒಂದೇ! ನಾನೇ ಕೇಳಿದೆ. ಕೊಡವಲಂಕ. ಪೋಲಯ್ಯಾ, ದೋಣಿ ಬಿಡು!"

"ನಿಲ್ಲಯ್ಯಾ ಪೋಲಯ್ಯ! ಎರಡನೇ ಒತ್ತು ರಾಜುಗಾರರ ಗಂಟಲಡಿ ಹೂತುಹೋಗಿರಬಹುದು," ಎಂದರು ಮಂಗತಾಯಾರು.

"ಅಮ್ಮಾ, ಹೊತ್ತು ಹೋಗ್ತಿದೆ. ಇಲ್ಲಿ ಸರ್ಕಾರ ನಾನು."

"ಸರ್ಕಾರಕ್ಕೂ ಇರೋದು ಎರಡೇ ಕಿವಿ ಬಾಬೂ. ಒಂದು ನಿಮಿಷ ಸುಮ್ನಿರಿ." ಮತ್ತೆ ಮೈಕಿಗೆ ಬಾಯಿಟ್ಟರು. "ರಾಜುಗಾರೂ, ನಿಮ್ಮ ಸೆಟ್ಟು ದೊಡ್ಡದು, ಒಪ್ಪಿದೆ. ಈಗ ಅದನ್ನ ಆಫ್ ಮಾಡಿ."

"ಅಲ್ಲ ತಾಯಾರೂ, ನಾನು ಖುಷಿಗೆ..."

"ಆಫ್ ಮಾಡಿ!"

ಆಮೇಲೆ ನಿಧಾನವಾಗಿ ಹೇಳಿದರು: "ಯೇಸೋಬೂ, ಗುಬ್ಬಲಲಂಕದಲ್ಲಿದ್ರೆ, ನಾನು ಮಾತು ನಿಲ್ಲಿಸಿದ ಕೂಡಲೇ ಗುಂಡಿ ಒತ್ತಿ ಹಿಡಿ. ಹತ್ತು ಎಣಿಸೋವರೆಗೂ ಬಿಡಬೇಡ. ಕೊಡವಲಂಕ ಆದ್ರೆ ಮುಟ್ಟಲೇಬೇಡ."

ಮೈಕಿನ ಗುಂಡಿ ಬಿಟ್ಟರು. ಸುಯ್ಯೆನ್ನುವ ಸದ್ದು ಸುರಿಯುತ್ತಲೇ ಇತ್ತು.

"ಅಕ್ಕಾ, ಅವನ ಬ್ಯಾಟರಿ ಸತ್ತಿದ್ರೆ ನಮಗೆ ಹೇಗೆ ಗೊತ್ತಾಗತ್ತೆ?" ಎಂದು ನಾನು ಪಿಸುಗುಟ್ಟಿದೆ. ಅದು ಅವರಿಗೂ ಹೊಳೆದಿತ್ತೆಂದು ಮುಖವೇ ಹೇಳುತ್ತಿತ್ತು.

ಸದ್ದು ನಿಂತಿತು.

ಮಂಗತಾಯಾರು ಬೆರಳು ಮಡಚುತ್ತ ಹೋದರು. ಒಂದು, ಎರಡು, ಮೂರು. ಏಳಕ್ಕೆ ಸದ್ದು ಮತ್ತೆ ಸುರಿಯತೊಡಗಿತು.

"ಹತ್ತು ಆಗಲಿಲ್ಲವಲ್ಲ," ಎಂದರು ತಹಶೀಲ್ದಾರರು.

"ಉಳಿದ ಮೂರನ್ನ ಬ್ಯಾಟರಿ ತಿಂದಿದೆ. ಕೈ ತಪ್ಪಿ ಯಾರೂ ಏಳರವರೆಗೆ ಒತ್ತಲ್ಲ. ಗುಬ್ಬಲಲಂಕ."

"ತಪ್ಪಾದ್ರೆ?"

"ನನ್ನ ತಲೆಗೆ ಬರಲಿ. ಬರೆದುಕೊಡ್ತೀನಿ."

ನನ್ನ ಪುಸ್ತಕ ಎಳೆದುಕೊಂಡು ಬರೆದು, ಸಹಿ ಹಾಕಿದರು. ಪೋಲಯ್ಯ ನಮ್ಮ ಒಂದು ಕೈಸೆಟ್ಟು ಹಿಡಿದು ಬಲಗವಲಿಗೆ ದೋಣಿ ಇಳಿಸಿದ.

ಒಂದು ಗಂಟೆ ಹತ್ತು ನಿಮಿಷ ಕಳೆಯಿತು. ಉಳಿದ ಊರುಗಳಿಗೆ ಅವರು ಸರದಿ ಕೊಡುತ್ತಲೇ ಇದ್ದರು, ದನಿ ನಡುಗಲಿಲ್ಲ. ಆದರೆ ತಂದಿಟ್ಟ ಚಹಾ ಹಾಗೇ ಆರಿತು, ಕಣ್ಣು ಸಹಿ ಹಾಕಿದ ಹಾಳೆ ಬಿಟ್ಟು ಕದಲಲಿಲ್ಲ.

"ಅಮ್ಮಾ, ಸಿಕ್ಕಿದ್ರು!" ಪೋಲಯ್ಯನ ದನಿ. "ದಿಬ್ಬದ ಮೇಲೆ ಹತ್ತೊಂಬತ್ತು ಜನ, ನಾಲ್ಕು ಮೇಕೆ. ನೀರು ಮೊಣಕಾಲಿಗೆ ಬಂದಿದೆ. ಮೇಕೆ ಬಿಟ್ಟು ಬರಲ್ಲ ಅಂತ ಒಬ್ಬಳು ಅಜ್ಜಿ ಕೂತಿದಾಳೆ."

"ಮೇಕೆನೂ ಹತ್ತಿಸಯ್ಯ, ಜಗಳಕ್ಕೆ ಹೊತ್ತಿಲ್ಲ. ಯೇಸೋಬುಗೆ ಕೊಡು." ಅವನು ಸೆಟ್ಟು ಹಿಡಿದ ಮೇಲೆ ಕೇಳಿದರು, "ಕೊಡವಲಂಕದಲ್ಲಿ ಯಾರಾದ್ರೂ ಉಳಿದಿದಾರೇನೋ?"

"ಯಾರೂ ಇಲ್ಲಕ್ಕಾ," ಎಂದ ಯೇಸೋಬು. "ಶಾಲೆ ಮಧ್ಯಾಹ್ನವೇ ಬಿತ್ತು."

ಮಂಗತಾಯಾರು ಮೈಕು ಕೆಳಗಿಟ್ಟರು. ಗುಂಡಿ ಒತ್ತಿ ಒತ್ತಿ ಮರಗಟ್ಟಿದ್ದ ಹೆಬ್ಬೆರಳು ನೆಟ್ಟಗಾಗಲೇ ಇಲ್ಲ. ಇನ್ನೊಂದು ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡರು.