ಮಿಠಾಯಿ ಆಸೆಗೆ ಸುತ್ತಿದ ಕಂಡಿಕೆ

ನನ್ನ ದೊಡ್ಡ ಮಗಳು ಒಂಬತ್ತನೇ ವಯಸ್ಸಿಗೇ ಕಂಡಿಕೆ ಸುತ್ತುವುದರಲ್ಲಿ ನಮ್ಮ ಬೀದಿಗೆಲ್ಲ ಮೇಲು. ಹೆತ್ತವಳು ಹೀಗೆ ಹೇಳಬಾರದು, ದೃಷ್ಟಿಯಾಗುತ್ತದೆ ಅನ್ನುತ್ತಾರೆ. ಈಗ ಅವಳಿಗೇ ಮಕ್ಕಳಾಗಿವೆ, ಇನ್ನೆಲ್ಲಿಯ ದೃಷ್ಟಿ? ಹೇಳಿಯೇ ಬಿಡುತ್ತೇನೆ.

ನಾನು ಹನೂರಿನಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದು ಹತ್ತು ಹನ್ನೊಂದು ವರ್ಷವಾಗಿತ್ತು. ಮನೆಯಲ್ಲಿ ಒಂದೇ ಮಗ್ಗ, ನೇಯುವವರು ನಮ್ಮ ಯಜಮಾನರು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗೆ ರೇಷ್ಮೆ ಎಳೆ ಸುತ್ತಿದರೆ ಅದೇ ಕಂಡಿಕೆ. ಅದನ್ನು ರಾಟೆಯಲ್ಲಿ ಸುತ್ತಿಕೊಡುವುದು ಹೆಂಗಸರ, ಮಕ್ಕಳ ಕೆಲಸ. ಇವಳು ಸ್ಕೂಲಿಂದ ಬಂದವಳೇ ಚೀಲ ಬಿಸಾಕಿ ರಾಟೆ ಮುಂದೆ ಕೂರುತ್ತಿದ್ದಳು. ಯಾರೂ ಹೇಳಬೇಕಾಗಿರಲಿಲ್ಲ. ಬೆರಳ ಸಂದಿಯಲ್ಲಿ ಎಳೆ ಜಾರುವುದನ್ನು ನೋಡುತ್ತ ತನ್ನಷ್ಟಕ್ಕೆ ತಾನೇ ಏನೋ ಗುನುಗುತ್ತಿದ್ದಳು. ಅವಳ ಕಂಡಿಕೆ ಕಲ್ಲಿನ ಹಾಗೆ ಗಟ್ಟಿ. "ಕೂಸಿನ ಕಂಡಿಕೆ ಆಕಿದ್ರೆ ಲಾಳಿ ತಾನಾಗೇ ಓಡ್ತದೆ" ಎಂದು ಅವರಪ್ಪ ಹೇಳಿದಾಗಲೆಲ್ಲ, ಒಲೆ ಮುಂದೆ ಕೂತ ನನಗೆ ಎದೆ ತುಂಬಿ ಬರುತ್ತಿತ್ತು.

ಇಂಥ ಮಗುವನ್ನು ಕೆಡಿಸಿದವಳು ನಾನೇ.

ಆ ವರ್ಷ ಯಳಂದೂರಿನ ಒಂದು ಮನೆಯವರು ಮಗಳ ಧಾರೆ ಸೀರೆಗೆ ಹೇಳಿ ಹೋದರು. ಲಗ್ನ ಹತ್ತಿರವಿತ್ತು. ಕೆಲಸ ಬೇಗ ಸಾಗಲೆಂದು ನಾನು ಜಾಣತನ ಮಾಡಿದೆ. ಕೊಬ್ಬರಿ ಮಿಠಾಯಿ ಮಾಡಿ ಡಬ್ಬಕ್ಕೆ ತುಂಬಿ, "ಹತ್ತು ಕಂಡಿಕೆಗೆ ಒಂದು ತುಂಡು ಕಣವ್ವ" ಅಂದೆ. ಮೊದಲ ದಿನ ಎರಡು ತುಂಡು ತಿಂದು ಕುಣಿದಾಡಿದಳು. ನಾಲ್ಕನೇ ದಿನದ ಹೊತ್ತಿಗೆ ನಾಲ್ಕು ತುಂಡು. ನಾನೋ, ಎಂಥ ಉಪಾಯ ಮಾಡಿದೆ ಎಂದು ಬೀಗಿದೆ. ಅವಳ ಕಣ್ಣು ಎಳೆಯ ಮೇಲಿಲ್ಲ, ಡಬ್ಬದ ಮೇಲಿದೆ ಅನ್ನುವುದು ಕಾಣಲಿಲ್ಲ. ಗುನುಗು ನಿಂತಿದ್ದೂ ಕಿವಿಗೆ ಬೀಳಲಿಲ್ಲ.

ಒಂದು ಬೆಳಗ್ಗೆ ಮಗ್ಗ ಥಟ್ಟನೆ ನಿಂತಿತು.

"ಲೇ, ಬಾ ಇಲ್ಲಿ" ಎಂದರು ಯಜಮಾನರು. ಹೋಗಿ ನೋಡಿದರೆ ಸೆರಗಿನ ಅಡ್ಡಕ್ಕೆ ಎಳೆ ಗೋಜಲಾಗಿ ಗಂಟುಗಂಟಾಗಿ ಕೂತಿದೆ. ಅವಸರಕ್ಕೆ ಸಡಿಲ ಸುತ್ತಿದ ಕಂಡಿಕೆ, ಲಾಳಿ ಓಡುವಾಗ ಮುದ್ದೆಮುದ್ದೆಯಾಗಿ ಕಳಚಿಕೊಂಡಿತ್ತು.

"ಕೂಸಿಗೆ ಏನ್ ತಿನ್ನಿಸ್ತಿದ್ದೀಯೆ?"

"ಕೊಬ್ಬರಿ ಮಿಠಾಯಿ ಕಣ್ರಿ."

"ಸರಿ ಬುಡು. ತಿಂದೋಳು ಅವ್ಳು, ಅಜೀರ್ಣ ಆಗಿರೋದು ಸೀರೆಗೆ!"

ಬೆಟ್ಟದ ಮಾದಪ್ಪನ ದಯೆ, ಕೆಟ್ಟಿದ್ದು ಗೇಣಗಲ ಮಾತ್ರ. ಅವರು ಒಂದಿಡೀ ದಿನ ಕೂತು ಎಳೆ ಎಳೆ ಬಿಡಿಸಿ ಸರಿಮಾಡಿದರು. ಮಗಳಿಗೆ ಒಂದು ಮಾತೂ ಅನ್ನಲಿಲ್ಲ. ನಾನು ಡಬ್ಬ ಎತ್ತಿಟ್ಟೆ.

ಸಂಜೆ ಅವಳು ಕೇಳಿದಳು: "ಇವತ್ತೇನು ಕೊಡ್ತೀಯವ್ವ?"

"ಏನೂ ಇಲ್ಲ."

"ಹಂಗಾದ್ರೆ ನಂಗೆ ಓದೋದದೆ."

ರಾಟೆಗೆ ಬೆನ್ನು ಮಾಡಿ ಕೂತಳು. ಸೀರೆಯನ್ನು ಹೇಗೋ ಸರಿಮಾಡಬಹುದು, ಮಗುವಿನ ಮನಸ್ಸನ್ನು ಸರಿಮಾಡುವುದು ಹೇಗೆ? ಗದರಿಸಿದೆ. ಮುಖ ಊದಿಸಿಕೊಂಡು ಸುತ್ತಿದಳು, ಅದು ಇನ್ನೂ ಸಡಿಲ. ಸೋತು ಮತ್ತೆ ಡಬ್ಬ ಇಳಿಸಿದೆ. ತುಂಡು ಬಾಯಿಗೆ ಹಾಕಿಕೊಂಡಳು, ಆದರೆ ಮುಖ ಅರಳಲಿಲ್ಲ. ಕೂಲಿ ತೆಗೆದುಕೊಂಡವಳ ಹಾಗೆ ಎದ್ದು ಹೋದಳು. ಅದೇ ವಾರ ಅವರಜ್ಜಿ ಸುಮ್ಮಸುಮ್ಮನೆ ಕರೆದು ಒಂದು ಚೂರು ಬೆಲ್ಲ ಕೊಟ್ಟರೆ, ಅದಕ್ಕೆ ಹಿಗ್ಗಿದ್ದೇ ಹಿಗ್ಗು! ತಲೆಯೊಳಗೆ ಏನು ನಡೆಯುತ್ತದೋ ಓದಿದವರು ಹೇಳಬೇಕು. ನನಗೆ ಕಂಡದ್ದು ಇಷ್ಟು: ಮಿದುಳಿನಲ್ಲಿ ಆಸೆಗೊಂದು ಜಾಗ, ಸಂತೋಷಕ್ಕೊಂದು ಜಾಗ ಬೇರೆಬೇರೆ ಇರಬೇಕು. ನಾನು ಆಸೆಯ ಜಾಗಕ್ಕೇ ಉಣಿಸುತ್ತ ಹೋದೆ, ಇನ್ನೊಂದು ಉಪವಾಸ ಬಿತ್ತು.

ಸೋಮವಾರ ದೇವರ ಮುಂದೆ ದೀಪ ಹಚ್ಚಿ ಕೈಮುಗಿದೆ. "ಮಾದಪ್ಪ, ಮಗಳು ಮುಂಚಿನಂಗೆ ರಾಟೆಗೆ ಕೂತ್ರೆ ಬೆಟ್ಟಕ್ಕೆ ಬಂದು ಎಣ್ಣೆ ಮಜ್ಜನ ಮಾಡಿಸ್ತೀನಿ."

ಹಿಂದಿನಿಂದ ನಮ್ಮತ್ತೆ ಕಿಸಕ್ಕನೆ ನಕ್ಕರು. "ಮಗೀಗೂ ಲಂಚ, ಮಾದಪ್ಪಂಗೂ ಲಂಚ! ಅವ್ನೇನು ನಿನ್ ಡಬ್ಬ ನೋಡ್ಕಂಡು ಕುಂತವ್ನಾ?"

"ಮತ್ತೇನ್ ಮಾಡ್ಲಿ ಅತ್ತೆಮ್ಮ?"

"ಅವ್ಳು ಸುತ್ತಿದ್ದು ಎತ್ಲಾಗ್ ಓಯ್ತದೆ ಅಂತ ಆ ಕೂಸಿಗೆ ಯಾರಾದ್ರೂ ತೋರ್ಸಿದ್ದೀರಾ?"

ಇಲ್ಲ, ಯಾರೂ ತೋರಿಸಿರಲಿಲ್ಲ. ಧಾರೆ ಸೀರೆಗೆ ಕಣ್ಣು ಬೀಳಬಾರದೆಂದು ನೇಯ್ದಷ್ಟನ್ನೂ ಬಿಳಿ ಬಟ್ಟೆಯಲ್ಲಿ ಮುಚ್ಚಿಡುವುದು ನಮ್ಮ ಮನೆಯ ಕ್ರಮ. ಮಕ್ಕಳಂತೂ ಮಗ್ಗದ ಕೋಣೆಯ ಹೊಸಲು ದಾಟುವಂತಿರಲಿಲ್ಲ. ಎರಡು ವರ್ಷದಿಂದ ಸುತ್ತುತ್ತಿದ್ದ ಮಗು ಒಂದು ಸೀರೆಯನ್ನೂ ಮಗ್ಗದ ಮೇಲೆ ಕಂಡಿರಲಿಲ್ಲ. ಕ್ರಮ ಮುರಿಯಿರಿ ಎಂದು ಹಿರಿಯರೇ ಹೇಳಿದ ಮೇಲೆ ಇನ್ನೇನು?

ಅವರಪ್ಪ ಮಾರನೇ ದಿನ ಅವಳ ಕೈಕಾಲು ತೊಳೆಸಿ ಒಳಗೆ ಕರೆದು, ಪಕ್ಕದಲ್ಲಿ ನಿಲ್ಲಿಸಿಕೊಂಡು ಬಟ್ಟೆ ಸರಿಸಿದರು. ಹಸಿರು ಮೈ, ಕುಂಕುಮ ಬಣ್ಣದ ಸೆರಗು. ಅವಳು ಬಾಗಿ ಕಣ್ಣರಳಿಸಿ ನೋಡಿದಳು.

"ಇದು ನೀನು ಮೊದ್ಲು ಸುತ್ತಿದ್ದು" ಎಂದು ಒಂದು ಗಟ್ಟಿ ಕಂಡಿಕೆ ಹಾಕಿ ಲಾಳಿ ಓಡಿಸಿದರು. ಎಳೆ ಸೆರಗಿನೊಳಗೆ ಸೇರಿಹೋಯಿತು. "ಇದು ಮೊನ್ನೇದು" ಎಂದು ಸಡಿಲದ್ದನ್ನು ಹಾಕಿ ಒಂದೇ ಸಲ ಓಡಿಸಿದರು. ಗೋಜಲು. ಬೆರಳಲ್ಲಿ ಬಿಡಿಸಿ ತೆಗೆದರು.

"ಇದನ್ನ ಮದ್ವೆ ಹೆಣ್ಣು ಉಟ್ಕತಾಳಾ ಅಪ್ಪ?"

"ಊಂ ಮಗ."

ಅಷ್ಟು ಕೇಳಿದ್ದೇ ತಡ, ಹೊರಗೆ ಬಂದು, ಬುಟ್ಟಿಯಲ್ಲಿದ್ದ ಕಂಡಿಕೆಗಳನ್ನೆಲ್ಲ ಸುರಿದುಕೊಂಡು ಒಂದೊಂದನ್ನೇ ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಮೆತ್ತಗಿದ್ದುದನ್ನು ಬಿಚ್ಚಿ ಮತ್ತೆ ಸುತ್ತತೊಡಗಿದಳು. ಊಟಕ್ಕೆ ಕರೆದರೆ "ಇರವ್ವ" ಅಂದಳು. ಡಬ್ಬದಲ್ಲಿ ಇನ್ನೂ ಎರಡು ತುಂಡಿತ್ತು, ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಗುನುಗು ಕೇಳಿಸಿತು. ನಾನು ಸೆರಗಲ್ಲಿ ಕಣ್ಣೊರೆಸಿಕೊಂಡು, ಹರಕೆಯಿಲ್ಲದೆಯೇ ಮಾದಪ್ಪನಿಗೆ ಕೈಮುಗಿದೆ.

ಅವಳಿಗೆ ನೆರವಾಗಲೆಂದು ಮಧ್ಯಾಹ್ನ ನಾನೂ ನಾಲ್ಕು ಕಂಡಿಕೆ ಸುತ್ತಿ ಬುಟ್ಟಿಗೆ ಹಾಕಿದೆ. ಅವಳು ಒಂದನ್ನು ಎತ್ತಿ ಒತ್ತಿ, ನನ್ನ ಮುಂದೆ ಹಿಡಿದಳು.

"ಅವ್ವ, ಇದು ಮೆತ್ತಗದೆ. ಬಿಚ್ಚು."

ಮೂವತ್ತು ತುಂಬುತ್ತಿದ್ದ ಹೆಂಗಸು ನಾನು, ಒಂಬತ್ತು ವರ್ಷದವಳ ಮಾತಿಗೆ ತಲೆಬಾಗಿಸಿ ಬಿಚ್ಚಿದೆ. ಅಷ್ಟು ಹೆಮ್ಮೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.