ಹಿಂಡು ಎಂದು ಕಡಿದ ಕುಂಟುನೇರಳೆ

ಕುಂಟುನೇರಳೆ ಅಪರೂಪವಾಗುತ್ತಿದೆ ಎಂದು ಯಾರಾದರೂ ಮರುಗಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ತಾನಾಗಿ ಎಲ್ಲಿಗೂ ಹೋಗಲಿಲ್ಲ. ನಾವೇ ಕಡಿದೆವು, ಅದೂ ಒಂದು ಮಾತಿನ ನೆವ ಹಿಡಿದು.

ನಮ್ಮ ಸಿದ್ದಾಪುರದ ಕಡೆ ಒಂದೇ ಕಾಂಡದಲ್ಲಿ ನೆಟ್ಟಗೆ ಬೆಳೆದದ್ದು ಮರ. ಬುಡದಿಂದಲೇ ಕವಲೊಡೆದು ಪೊದೆಯಾದದ್ದು ಹಿಂಡು. ಮರ ಕಡಿಯಲು ಹತ್ತು ಜನರನ್ನು ಕೇಳಬೇಕು. ಹಿಂಡು ಸವರಲು ಕತ್ತಿಯೊಂದಿದ್ದರೆ ಸಾಕು.

ತ್ಯಾಗಲಿಯ ನಮ್ಮ ಬೇಣದಲ್ಲಿ, ಅಂದರೆ ಮನೆಯ ಮೇಲಿನ ಹುಲ್ಲುಗುಡ್ಡದಲ್ಲಿ, ಇದ್ದದ್ದು ಒಂದೇ ಕುಂಟುನೇರಳೆ. ಆಯಿ ಎಂದರೆ ನಮ್ಮ ಅಮ್ಮ, ಅವಳ ತವರು ಘಟ್ಟದ ಕೆಳಗೆ. ಅಲ್ಲಿಯ ಕಲ್ಲುಗುಡ್ಡದ ತುಂಬ ಅದೇ ಗಿಡವಂತೆ. ಮದುವೆಯಾಗಿ ಬಂದವಳಿಗೆ ಇಲ್ಲಿ ಗುರುತಿನದೆಂದರೆ ಅದೊಂದೇ. ಬಿಳಿ ಹೂ ಬಿಟ್ಟಾಗ ಹೋಗಿ ನೋಡಿ ಬರುತ್ತಿದ್ದಳು. ಬೇಸಿಗೆಯಲ್ಲಿ ನಾಲಿಗೆ ನೀಲಿಯಾಗುವಷ್ಟು ಹಣ್ಣು ತಿಂದು, ಅಜ್ಜಿಗೆ ಗೊತ್ತಾಗಬಾರದೆಂದು ಬಾಯಿ ಬಿಗಿದುಕೊಂಡೇ ಓಡಾಡುತ್ತಿದ್ದಳು.

ತೊಂಬತ್ತರ ದಶಕದಲ್ಲಿ ಎಲ್ಲರಿಗೂ ಅಕೇಶಿಯಾದ ಹುಚ್ಚು. ಅಣ್ಣನೂ ಬೇಣಕ್ಕೆ ಅದನ್ನೇ ಹಾಕಿಸುತ್ತೇನೆಂದು ಹೊರಟ. ಏನಾದರೂ ಮಾಡಿಕೋ, ಕುಂಟುನೇರಳೆ ಮಾತ್ರ ಮುಟ್ಟಬೇಡ ಎಂದು ಆಯಿ ಕೇಳಿಕೊಂಡಳು. ಅವನು ಹೂಂ ಎಂದ. ಬೇಣಕ್ಕೆ ಹೋಗಿ ಆಳುಗಳಿಗೆ ಹೇಳಿದ್ದು ಬೇರೆ: ಮರ ಮುಟ್ಟಬೇಡಿ, ಹಿಂಡೆಲ್ಲ ಸವರಿ. ಅವರು ಹೇಳಿದಷ್ಟನ್ನೇ ಮಾಡಿದರು.

ಆ ಮಹಾರಾಯ ಬರಿಗೈಯಲ್ಲಿ ಬರಲಿಲ್ಲ. ಹಣ್ಣಿದ್ದ ಕೊಂಬೆಯೊಂದನ್ನು ಹೊತ್ತು ತಂದು, ತಿನ್ನು ಎಂದು ಆಯಿಯ ಎದುರು ಜಗಲಿಯಲ್ಲಿಟ್ಟ. ಅರ್ಧಕ್ಕರ್ಧ ಇನ್ನೂ ಕಾಯಿ. ಆಯಿ ಅವನ ಮುಖ ನೋಡಿದಳು. ಉತ್ತರ ಸಿದ್ಧವಾಗಿಯೇ ಇತ್ತು.

“ಆನು ಒಂದು ಮರನೂ ಕಡಸಿದ್ನಿಲ್ಲೆ ಆಯಿ. ಅದು ಹಿಂಡಾಗಿತ್ತು.”

ದೊಡ್ಡ ವಕೀಲ! ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತು ನನಗೆ. ಹೂಂ ಎಂದದ್ದು ಯಾವುದಕ್ಕೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಆಯಿಗೆ ಸಿಟ್ಟು ಬರುವುದೇ ಇಲ್ಲ, ಆ ಬಗ್ಗೆಯೂ ನನಗೆ ಸಿಟ್ಟು. ಅವಳು ಕೊಂಬೆಯನ್ನು ಮುಟ್ಟಲಿಲ್ಲ.

“ಹಿಂಡೇ ಇರ್ಲಿ ತಮಾ. ಎನ್ನದು ಹೇಳಿ ಈ ಊರಲ್ಲಿ ಇದ್ದಿದ್ದು ಅದೊಂದೇ ಆಗಿತ್ತು.”

ಅಣ್ಣ ಕೈ ತೊಳೆಯಲು ಬಚ್ಚಲಿಗೆ ಹೋದ. ಅಷ್ಟರಲ್ಲಿ ಬೇಣ ಸವರಿದವರು ಕತ್ತಿ ಹಿಡಿದು ಅಂಗಳಕ್ಕೆ ಬಂದರು. ಅವರಿಗೆ ಚಹಾ ಮಾಡಿಕೊಟ್ಟವಳೂ ಆಯಿಯೇ.