997ಕ್ಕೆ ನಿಂತ ಪಟ್ಟಿ

ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ ಪ್ರತಿ ಯಂತ್ರದ ತಳಕ್ಕೂ ಕ್ರಮಸಂಖ್ಯೆ ಹೊಡೆಯುವ ಕೆಲಸ ಅವನದು. ಎಡಗೈಯಲ್ಲಿ ಅಂಕಿಯ ಅಚ್ಚು, ಬಲಗೈಯಲ್ಲಿ ಸುತ್ತಿಗೆ. ಇಪ್ಪತ್ತಾರು ವರ್ಷದಿಂದ ಇದೇ. ಜೊತೆಗೊಂದು ಹುಚ್ಚು. ದಿನಕ್ಕೊಂದು ಸಂಖ್ಯೆ ಆರಿಸಿ ಭಾಗಿಸಿ ನೋಡುವನು. ಒಂದು ಮತ್ತು ಅದೇ ಸಂಖ್ಯೆಯ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದಿದ್ದರೆ ಅದು ಅವಿಭಾಜ್ಯ. ಅದರ ಪಕ್ಕದಲ್ಲೊಂದು ಚುಕ್ಕೆ ಹೊಡೆಯುವನು. ಹೊಡೆ ಎಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಎಲ್ಲರ ಬಾಯಲ್ಲಿ ಅವನು ಚುಕ್ಕೆಯಣ್ಣನಾಗಿದ್ದ. ಹಾಗೆ ಕರೆದಾಗ ಒಳಗೊಳಗೇ ಉಬ್ಬುತ್ತಿದ್ದ.

ಬೆಂಚಿನ ಎದುರು ಗೋಡೆಗೆ ಎರಡರಿಂದ 997ರವರೆಗಿನ ನೂರ ಅರವತ್ತೆಂಟು ಅವಿಭಾಜ್ಯಗಳ ಪಟ್ಟಿ ಅಂಟಿಸಿದ್ದ. ಅವುಗಳಲ್ಲಿ ಒಂದೂ ಭಾಗಿಸದಿದ್ದರೆ ಚುಕ್ಕೆ ಖಾಯಂ.

ಅಂದು ಊಟದ ಹೊತ್ತಿಗೆ 10,22,117ಕ್ಕೆ ಚುಕ್ಕೆ ಬಿತ್ತು. ಯಂತ್ರ ಒಯ್ಯಲು ಬಂದ, ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಪ್ಯಾಕಿಂಗಿನ ಹೆಂಗಸು, ಮಗಳಿಗೆ ಪಾಠ ಹೇಳಿಕೊಡುತ್ತಲೇ ಲೆಕ್ಕ ಕಲಿತವಳು, ಸಂಖ್ಯೆ ನೋಡಿ ನಿಂತಳು.

"ಅಣ್ಣಾ, ಸಾವಿರದ ಹನ್ನೊಂದರ ವರ್ಗಕ್ಕೆ ಇದು ನಾಲ್ಕೇ ಕಡಿಮೆ. ಭಾಗ ಆಗ್ಲೇಬೇಕಲ್ಲ?"

"ಮೊಳೆ ಹೊಡೆಯೋ ಕೈಗೆ ಇದೆಲ್ಲ ಯಾಕಮ್ಮ?" ಎಂದ ಅವನು, ಎಲ್ಲರಿಗೂ ಕೇಳುವಂತೆ. "ಪೆಟ್ಟಿಗೆ ಎಣಿಸೋಕೆ ಹತ್ತು ಬೆರಳು ಸಾಲಲ್ವಾ?"

ಸಾಲಿಗೆ ಸಾಲೇ ಗೊಳ್ಳೆಂದಿತು. ಅವಳು ಕೈಗಾಡಿ ತಳ್ಳಿಕೊಂಡು ಹೋದಳು.

ಸಂಜೆ ಬಸ್ಸಿನಲ್ಲಿ, ಅವಳದು ತಪ್ಪೆಂದು ತೋರಿಸಲೆಂದೇ, ಟಿಕೆಟಿನ ಹಿಂದೆ ಗುಣಿಸಿದ. 1011ನ್ನು 1011ರಿಂದ: 10,22,121. ಇವನ ಸಂಖ್ಯೆ ಅದಕ್ಕೆ ಸರಿಯಾಗಿ ನಾಲ್ಕು ಕಡಿಮೆ. ನಾಲ್ಕು ಎರಡರ ವರ್ಗ. ಅಲ್ಲಿಗೆ 1011ರಲ್ಲಿ ಎರಡು ಕಳೆದದ್ದನ್ನೂ ಎರಡು ಕೂಡಿಸಿದ್ದನ್ನೂ ಗುಣಿಸಿದರೆ ಇವನ ಸಂಖ್ಯೆಯೇ ಬಂತು: 1009, 1013. ಎರಡೂ ಪಟ್ಟಿಯ ಆಚೆಯವು. ಸಂಖ್ಯೆಗೆ ಆರು ಅಂಕಿಯಿದ್ದಾಗ 997ರವರೆಗೆ ನೋಡಿದರೆ ಸಾಕಿತ್ತು. ಹತ್ತು ಲಕ್ಷ ದಾಟಿ ತಿಂಗಳುಗಳಾಗಿದ್ದವು. ಪಟ್ಟಿಗೆ ಒಂದು ಸಾಲೂ ಸೇರಿರಲಿಲ್ಲ.

ಲೆಕ್ಕ ತಪ್ಪಿದ್ದನ್ನು ಹೇಗೋ ನುಂಗಬಹುದಿತ್ತು. ಆ ಹತ್ತು ಬೆರಳಿನ ಮಾತನ್ನು ನುಂಗಲಾಗಲಿಲ್ಲ.

ಬೆಳಿಗ್ಗೆ ಪೆಟ್ಟಿಗೆಗಳ ಸಂದಿಯಲ್ಲಿ ಅವಳೊಬ್ಬಳೇ ಇದ್ದಾಗ ಹೋದ. "ನಿನ್ನ ಲೆಕ್ಕಾನೇ ಸರಿ ಕಣಮ್ಮ. ತಪ್ಪಾಯ್ತು."

"ಇದನ್ನ ಮಾತ್ರ ಕಿವೀಲಿ ಹೇಳ್ತೀರಾ? ನಿನ್ನೆ ಊರಿಗೇ ಕೇಳ್ಸಿತ್ತಲ್ಲ ಅಣ್ಣಾ!"

ಊಟದ ಗಂಟೆ ಹೊಡೆದಾಗ ಅವನು ಆ ಯಂತ್ರವನ್ನು ಪ್ಯಾಕಿಂಗಿನಿಂದ ತಂದು ಬೆಂಚಿನ ಮೇಲಿಟ್ಟು, ತನ್ನ ತಪ್ಪನ್ನೂ ತನ್ನ ಮಾತನ್ನೂ ಎಲ್ಲರೆದುರು ಹೇಳಿದ. ದನಿ ಎರಡು ಸಲ ತಡವರಿಸಿತು.

"ಹಾಗಾದ್ರೆ ಚುಕ್ಕೆ ಅಳಿಸ್ಬಿಡಿ," ಎಂದ ಸಾಲಿನ ಒಬ್ಬ ಫಿಟ್ಟರ್.

"ಕಬ್ಬಿಣದ ಮೇಲಿಂದು, ಅಳಿಸೋಕಾಗಲ್ಲ."

"ಎರಡು ಅವಿಭಾಜ್ಯದ ಗುಣಲಬ್ಧ ಅಲ್ವಾ? ಇನ್ನೊಂದು ಹೊಡೀರಿ," ಎಂದಳು ಅವಳು.

ಅವನು ಚುಕ್ಕೆಯ ಅಚ್ಚನ್ನೂ ಸುತ್ತಿಗೆಯನ್ನೂ ಅವಳತ್ತ ಚಾಚಿದ. ಒಂದೇ ಏಟಿಗೆ ಎರಡನೆಯ ಚುಕ್ಕೆ ನೆಟ್ಟಗೆ ಬಿತ್ತು.

"ಮೊಳೆ ಹೊಡೆಯೋ ಕೈ," ಎಂದಳು ಸುತ್ತಿಗೆ ಹಿಂದಿರುಗಿಸುತ್ತ.

ಎಲ್ಲರೂ ನಕ್ಕರು. ಅವನೂ ನಗಲು ನೋಡಿದ, ಆಗಲಿಲ್ಲ. ಗೋಡೆಯ ಕಡೆ ತಿರುಗಿ, 997ರ ಕೆಳಗೆ ಪೆನ್ಸಿಲಿನಲ್ಲಿ 1009 ಎಂದು ಬರೆಯತೊಡಗಿದ.